ಅಜ್ಜನ ದೇಶ ಯಾವುದು?

ಭಾರತ-ಚೀನಾ ಯುದ್ಧ 1962ರ ಅಕ್ಟೋಬರ್ 20ರಂದು ಆರಂಭವಾಗಿ, ನವೆಂಬರ್ 21ರಂದು ಚೀನಾ ಏಕಪಕ್ಷೀಯವಾಗಿ ಕದನ ವಿರಾಮ ಘೋಷಿಸುವುದರೊಂದಿಗೆ ನಿಂತಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಯುದ್ಧದ ಕಥೆ ಹಿಮಾಲಯದ ಗಡಿಯಲ್ಲೇ ಮುಗಿದು ಹೋಗುತ್ತದೆ. ಆದರೆ ಅಸ್ಸಾಮಿನ ಮಾಕುಮ್, ಶಿಲ್ಲಾಂಗ್, ಡಾರ್ಜಿಲಿಂಗ್‌ಗಳಲ್ಲಿ ನೆಲೆಸಿದ್ದ ಚೀನೀ ಮೂಲದ ಕುಟುಂಬಗಳ ಪಾಲಿನ ಕಷ್ಟ ಶುರುವಾದದ್ದೇ ಯುದ್ಧ ಮುಗಿಯುವ ಹೊತ್ತಿಗೆ.

ಇವರೇನೂ ನಿನ್ನೆ ಮೊನ್ನೆ ಬಂದವರಲ್ಲ. ವಾರನ್ ಹೇಸ್ಟಿಂಗ್ಸ್‌ನ ಕಾಲದಲ್ಲಿ ಅಚ್ಯೂ ಎಂಬ ಚೀನೀ ವ್ಯಾಪಾರಿ ಹೂಗ್ಲಿ ನದಿಯ ದಂಡೆಯಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ತೆರೆದ. ಅವನ ಹೆಸರಿನಿಂದಲೇ ಆ ಜಾಗಕ್ಕೆ ಅಚಿಪುರ ಎಂಬ ಹೆಸರು ಬಂತು. ಕಲ್ಕತ್ತಾದ ಚೀನೀಯರು ಹೊಸ ವರ್ಷದ ಸಮಯದಲ್ಲಿ ಅವನ ಸಮಾಧಿಗೆ ಭೇಟಿ ಕೊಡುವ ವಾಡಿಕೆ ಇಂದಿಗೂ ಇದೆ. 1830ರ ದಶಕದ ಕೊನೆಯಲ್ಲಿ ಬ್ರಿಟಿಷರು ಚಹಾ ತಯಾರಿಕೆ ಬಲ್ಲ ಚೀನೀಯರನ್ನು ಅಸ್ಸಾಮಿಗೆ ಕರೆತಂದರು. ಅವರಲ್ಲಿ ಹಲವರು ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾದರು. ಮೂರ್ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಮಕ್ಕಳ ಮನೆಮಾತು ಅಸ್ಸಾಮಿಯಾಗಿತ್ತು. ಮುಖದಲ್ಲಿ ಮಾತ್ರ ಚೀನಾ ಉಳಿದಿತ್ತು.

ಕಲ್ಕತ್ತಾದಲ್ಲಿ ಕ್ಯಾಂಟನ್ ಕಡೆಯವರು ಬಡಗಿಗಳಾದರು, ಹುಬೈ ಪ್ರಾಂತದವರು ಹಲ್ಲಿನ ವೈದ್ಯರಾದರು. ಹಕ್ಕಾ ಎಂಬ ಪಂಗಡದವರು ಪಾದರಕ್ಷೆ ಮತ್ತು ಚರ್ಮದ ಕೆಲಸ ಹಿಡಿದರು. ಹಕ್ಕಾ ಎಂದರೆ 'ಅತಿಥಿ ಮನೆತನ'. ಚೀನಾದ ಒಳಗೇ ಉತ್ತರದಿಂದ ದಕ್ಷಿಣಕ್ಕೆ ವಲಸೆ ಬಂದು, ಅಲ್ಲಿಯೂ ಹೊರಗಿನವರು ಎನ್ನಿಸಿಕೊಂಡ ಜನ ಇವರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇವರು ನಗರದ ಅಂಚಿನ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳನ್ನು ಕಟ್ಟಿದರು. ನಮ್ಮ ಜಾತಿ ವ್ಯವಸ್ಥೆ ಮೈಲಿಗೆಯೆಂದು ದೂರವಿಟ್ಟಿದ್ದ ಕಸುಬು ಅದು. ಹಾಗಾಗಿಯೇ ಅಲ್ಲಿ ಹೊರಗಿನವರಿಗೆ ಜಾಗ ಸಿಕ್ಕಿತು. ಹಸಿ ಚರ್ಮ ತರುವ ವ್ಯಾಪಾರಿಗಳಲ್ಲಿ ಹೆಚ್ಚಿನವರು ಮುಸ್ಲಿಮರು, ದುಡಿಯುವವರಲ್ಲಿ ಹಲವರು ಬಿಹಾರದ ದಲಿತರು. ಭಾರತದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡದೆಯೇ ಅವರಿಗೆ ಅರ್ಥವಾಗಿತ್ತು.

1949ರ ನಂತರ ಈ ಸಮುದಾಯದ ಒಳಗೇ ಬಿರುಕು ಮೂಡಿತು. ಬೀಜಿಂಗ್ ಪರವಾದ ಶಾಲೆಗಳು ಒಂದು ಕಡೆ, ತೈವಾನ್ ಪರವಾದವು ಇನ್ನೊಂದು ಕಡೆ. ಹಳೆಯ ಚೀನೀ ಸರಕಾರದ ಕಾಗದಪತ್ರ ಇಟ್ಟುಕೊಂಡಿದ್ದ ಅನೇಕರು ಯಾವ ದೇಶಕ್ಕೂ ಸೇರದವರಾದರು. ಭಾರತದ ಪೌರತ್ವಕ್ಕೆ ಅರ್ಜಿ ಹಾಕಬೇಕೆಂಬುದು ಬಹಳಷ್ಟು ಮಂದಿಗೆ ಹೊಳೆಯಲೂ ಇಲ್ಲ. ಹುಟ್ಟಿದ ಊರಿನಲ್ಲಿ ತಾನು ಆ ಊರಿನವನೆಂದು ಅರ್ಜಿ ಬರೆಯುವವರು ಯಾರು?

1962ರ ಅಕ್ಟೋಬರ್ ಅಂತ್ಯದಲ್ಲಿ ಹೊರಡಿಸಿದ ಸುಗ್ರೀವಾಜ್ಞೆ, ಆ ಬಳಿಕ ಬಂದ ಕಾಯ್ದೆ ಈ ಪ್ರಶ್ನೆಯನ್ನು ಒಂದೇ ಏಟಿಗೆ ಇತ್ಯರ್ಥ ಮಾಡಿದವು. ತಾನು ಮಾತ್ರವಲ್ಲ, ತಂದೆ ತಾಯಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರು ಎಂದಾದರೂ ಶತ್ರು ದೇಶದ ಪ್ರಜೆಯಾಗಿದ್ದರೆ ಸಾಕು, ಅಂಥವರ ಮೇಲೆ ವಿದೇಶಿಯರ ಕಾನೂನು ಪ್ರಯೋಗಿಸಬಹುದಿತ್ತು. ಯುದ್ಧಕಾಲದ ಭಯ ಸುಳ್ಳಾಗಿರಲಿಲ್ಲ, ಬೀಜಿಂಗ್ ಬಗ್ಗೆ ಒಲವಿದ್ದವರೂ ಇದ್ದರು. ಆದರೆ ಮಾಕುಮ್‌ನಲ್ಲಿ ಪೊಲೀಸರು ಬಾಗಿಲು ತಟ್ಟಿದಾಗ ಯಾರ ಒಲವು ಎಲ್ಲಿದೆಯೆಂದು ಕೇಳಲಿಲ್ಲ. ಸುಮಾರು 3,000 ಜನರನ್ನು, ಮುದುಕರು ಹಸುಗೂಸುಗಳೆನ್ನದೆ, ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಅವರ ಮೇಲೆ ನ್ಯಾಯಾಲಯದಲ್ಲಿ ಯಾವ ವಿಚಾರಣೆಯೂ ನಡೆಯಲಿಲ್ಲ. ರೈಲಿನಲ್ಲಿ ಸುಮಾರು ಒಂದು ವಾರದ ಪ್ರಯಾಣ. ದಾರಿಯ ನಿಲ್ದಾಣಗಳಲ್ಲಿ ಜನ ಸೇರಿ ಚಪ್ಪಲಿ ಎಸೆದದ್ದನ್ನು ಬದುಕುಳಿದವರು ನೆನಪಿಸಿಕೊಂಡಿದ್ದಾರೆ. ಇದೇ ದೇವಲಿಯಲ್ಲಿ ಬ್ರಿಟಿಷರು 1941ರಲ್ಲಿ ಜಯಪ್ರಕಾಶ ನಾರಾಯಣರನ್ನು ಕೂಡಿಹಾಕಿದ್ದರು. ಸ್ವತಂತ್ರ ಭಾರತಕ್ಕೆ ಅದೇ ಜಾಗ ನೆನಪಾದದ್ದು ವಿಪರ್ಯಾಸವೇ ಸರಿ.

1963ರಲ್ಲಿ ಚೀನಾ ಮದ್ರಾಸಿಗೆ ಹಡಗುಗಳನ್ನು ಕಳುಹಿಸಿ ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕರೆದೊಯ್ದಿತು. ಅವರಲ್ಲಿ ಚೀನಾವನ್ನು ಕಣ್ಣಾರೆ ಕಾಣದವರು, ಚೀನೀ ಭಾಷೆ ಬಾರದವರು ಇದ್ದರು. ಹೊರದೇಶದಿಂದ ಮರಳಿದವರಿಗೆಂದೇ ಇದ್ದ ಸರಕಾರಿ ತೋಟಗಳಲ್ಲಿ ಅನೇಕರಿಗೆ ಕೂಲಿ ಕೆಲಸ ಸಿಕ್ಕಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ವಿದೇಶದ ನಂಟು ಇದ್ದವರೆಲ್ಲ ಅಲ್ಲಿ ಅನುಮಾನಕ್ಕೆ ಗುರಿಯಾದರು. ಇಲ್ಲಿ ಚೀನೀಯರಾಗಿದ್ದವರು ಅಲ್ಲಿ ಭಾರತದವರಾದರು.

ಇಲ್ಲೇ ಉಳಿದವರಲ್ಲಿ ಕೊನೆಯವರ ಬಿಡುಗಡೆಯಾದದ್ದು 1967ರ ಹೊತ್ತಿಗೆ. ಊರಿಗೆ ಮರಳಿದರೆ ಹಲವರ ಮನೆ, ಅಂಗಡಿಗಳು ಹರಾಜಾಗಿದ್ದವು. ಪಾಕಿಸ್ತಾನಕ್ಕೆ ಹೋದವರ ಸಂಬಂಧದಲ್ಲಿ ನಾವು ಕೇಳಿ ಬಲ್ಲ 1968ರ ಶತ್ರು ಆಸ್ತಿ ಕಾಯ್ದೆ ಚೀನೀಯರು ಬಿಟ್ಟ ಆಸ್ತಿಗೂ ಅನ್ವಯಿಸುತ್ತದೆ. 2017ರ ತಿದ್ದುಪಡಿಯ ನಂತರ, ವಾರಸುದಾರ ಭಾರತದ ಪ್ರಜೆಯೇ ಆಗಿದ್ದರೂ ಅಂಥ ಆಸ್ತಿ ಅವನಿಗೆ ಬರುವಂತಿಲ್ಲ. ಇಲ್ಲಿಯೂ ಅಜ್ಜನ ದೇಶವೇ ಮೊಮ್ಮಗನ ದೇಶ!

ಕಲ್ಕತ್ತಾದ ಚೀನೀಯರು ಕೆಲವೇ ಸಾವಿರಕ್ಕೆ ಇಳಿದಿದ್ದಾರೆ. 1996ರಲ್ಲಿ ಸುಪ್ರೀಂ ಕೋರ್ಟು ಚರ್ಮದ ಕಾರ್ಖಾನೆಗಳನ್ನು ನಗರದಿಂದ ಹೊರಗೆ ಸಾಗಿಸಲು ಆದೇಶಿಸಿದ ಮೇಲೆ ಟ್ಯಾಂಗ್ರಾದಲ್ಲಿ ಹೋಟೆಲುಗಳೇ ಮುಖ್ಯವಾದವು. ನಮ್ಮ ಪೇಟೆ ಬೀದಿಗಳ ಗೋಬಿ ಮಂಚೂರಿಯ ಮೂಲವನ್ನು ಹುಡುಕಿದರೂ ಕಲ್ಕತ್ತಾದಲ್ಲಿ ಹುಟ್ಟಿ ಮುಂಬಯಿಗೆ ಬಂದ ನೆಲ್ಸನ್ ವಾಂಗ್ ಅವರ ಹೆಸರು ಬರುತ್ತದೆ. ಆ ತಿನಿಸಿಗೆ ಮಾತ್ರ ಯಾರೂ ಪೌರತ್ವದ ಕಾಗದ ಕೇಳಲಿಲ್ಲ.

ದೇವಲಿಯನ್ನು ಕಂಡವರಲ್ಲಿ ಹಲವರು ಕೆನಡಾದ ಟೊರೊಂಟೊ ಸೇರಿದರು. ಅಲ್ಲಿ 'ಹಕ್ಕಾ' ಹೋಟೆಲ್ ಎಂದರೆ ಭಾರತದ ಮಸಾಲೆ ಹಾಕಿದ ಚೀನೀ ಅಡುಗೆ ಸಿಗುವ ಜಾಗ. ಶಿಬಿರದಲ್ಲೇ ಹುಟ್ಟಿದ ಜಾಯ್ ಮಾ, ದಿಲೀಪ್ ಡಿಸೋಜ ಅವರೊಂದಿಗೆ 2020ರಲ್ಲಿ ಒಂದು ಪುಸ್ತಕ ಬರೆದರು. ಅದರ ಹೆಸರು 'ದಿ ದೇವಲಿವಾಲಾಸ್'. ಚೀನೀಯರೂ ಅಲ್ಲದ, ಭಾರತೀಯರೂ ಅಲ್ಲದ ಜನಕ್ಕೆ ಸೆರೆಮನೆಯ ಊರೇ ಹೆಸರಾಯಿತು, ಅದೂ ಹಿಂದಿಯ 'ವಾಲಾ' ಸೇರಿಸಿಕೊಂಡು. 2017ರಲ್ಲಿ ಇವರಲ್ಲಿ ಕೆಲವರು ಭಾರತ ಸರಕಾರ ಕ್ಷಮೆ ಕೇಳಬೇಕೆಂಬ ಪತ್ರ ಹಿಡಿದು ಒಟ್ಟಾವಾದ ಭಾರತೀಯ ಹೈಕಮಿಷನ್ ಎದುರು ಹೋಗಿ ನಿಂತರು.