ಜಡ ಮನಸ್ಸು, ಸಾಕ್ಷಿ ಮತ್ತು ಮಿದುಳು: ಕರಾವಳಿಯ ದರ್ಶನಗಳಿಂದ ಒಂದು ಮರುಪರಿಶೀಲನೆ

ಮಂಗಳೂರಿನ ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆ ಆರಂಭವಾದದ್ದು 1848ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ರೈಲುಹಾದಿಯ ಮೇಸ್ತ್ರಿ ಫಿನಿಯಸ್ ಗೇಜ್‌ನ ತಲೆಬುರುಡೆಯನ್ನು ಕಬ್ಬಿಣದ ಸಲಾಕೆ ತೂರಿಹೋಯಿತು. ಆತ ಬದುಕಿದ, ಆದರೆ ಸ್ವಭಾವ ಬದಲಾಯಿತೆಂದು ವೈದ್ಯರು ಬರೆದಿಟ್ಟರು. ಎರಡಕ್ಕೂ ಸಂಬಂಧವಿಲ್ಲ, ಕಾಕತಾಳೀಯ ಅಷ್ಟೆ. ಆದರೆ ಮಿದುಳಿಗೆ ಏಟಾದರೆ ಮನಸ್ಸೂ ಬದಲಾಗುತ್ತದೆಂಬ ಗೇಜ್‌ನ ಪಾಠ ಇಂದು ಎಲ್ಲ ವಾರ್ಡುಗಳಿಗೂ ಪರಿಚಿತ. ರಕ್ತದ ಸೋಡಿಯಂ ಸಹಜ ಮಟ್ಟದಿಂದ (ಲೀಟರಿಗೆ 135–145 ಮಿಲಿಮೋಲ್) ತೀರಾ ಇಳಿದರೆ ವಯಸ್ಸಾದವರು ಮನೆಯವರನ್ನೂ ಗುರುತಿಸದೆ ಹೋಗಬಹುದು. ಹಾಗಾದರೆ ವಿಚಾರವೆಂದರೆ ಮಿದುಳಿನ ವ್ಯಾಪಾರ ಮಾತ್ರವೇ?

ಈ ಪ್ರಶ್ನೆಯನ್ನು ನಾವು ಡೆಕಾರ್ಟ್‌ನ ಚೌಕಟ್ಟಿನಲ್ಲೇ ಕೇಳುತ್ತೇವೆ: ಈಚೆ ದೇಹ, ಆಚೆ ಮನಸ್ಸು. ಕರಾವಳಿಯ ದರ್ಶನಗಳು ಗೆರೆ ಎಳೆದದ್ದು ಬೇರೆ ಕಡೆ. ಉಡುಪಿಯ ಮಧ್ವಾಚಾರ್ಯರಿಗೆ ಮನಸ್ಸು ಕಣ್ಣು ಕಿವಿಗಳ ಹಾಗೆ ಇಂದ್ರಿಯ, ಪ್ರಕೃತಿಯಿಂದ ಬಂದ ಜಡ. ಮೂಡುಬಿದಿರೆಯ ಬಸದಿಗಳು ಕಾಪಾಡಿಕೊಂಡು ಬಂದ ಜೈನ ಸಿದ್ಧಾಂತದಲ್ಲಿ ದ್ರವ್ಯಮನಸ್ಸು ಪುದ್ಗಲದ್ದು (ಜಡದ್ರವ್ಯದ್ದು), ಭಾವಮನಸ್ಸು ಜೀವದ್ದು. ಮಧ್ವರು ಭಾಷ್ಯ ಬರೆದ ಛಾಂದೋಗ್ಯ ಉಪನಿಷತ್ತಿನಲ್ಲಂತೂ ಒಂದು ಪ್ರಯೋಗವೇ ಇದೆ: 15 ದಿನ ನೀರಷ್ಟೇ ಕುಡಿದ ಶ್ವೇತಕೇತುವಿಗೆ ಕಲಿತ ವೇದ ನೆನಪಾಗುವುದಿಲ್ಲ, ಉಂಡ ಮೇಲೆ ನೆನಪಾಗುತ್ತದೆ. ಇಂಥವರನ್ನು ಸೋಡಿಯಂ ಬೆಚ್ಚಿಬೀಳಿಸದು.

ಮಧ್ವರ ನಿಜವಾದ ಹಕ್ಕುಸಾಧನೆ ಸಾಕ್ಷಿಯದು. ಮನಸ್ಸು ತಪ್ಪಬಹುದು, ಸುಖದುಃಖಗಳನ್ನು, ಜ್ಞಾನವನ್ನು, ಅದರ ಪ್ರಾಮಾಣ್ಯವನ್ನು (ಅದು ನಿಜವೆಂಬುದನ್ನು) ಅರಿಯುವ ಆತ್ಮಸ್ವರೂಪವಾದ ಸಾಕ್ಷಿ ತಪ್ಪದು. ಇಲ್ಲಿ ಆಂಟನ್ ಸಿಂಡ್ರೋಮ್ ತೊಡಕಾಗುತ್ತದೆ. ಮಿದುಳಿನ ಹಿಂಭಾಗಕ್ಕೆ ಹಾನಿಯಾಗಿ ಕುರುಡಾದವರು ತಮಗೆ ಕಾಣುತ್ತದೆಂದೇ ಸಾಧಿಸುತ್ತಾರೆ, ಎಡವಿದರೆ ಬೆಳಕು ಸಾಲದೆನ್ನುತ್ತಾರೆ. ಅದು ಸುಳ್ಳಲ್ಲ, ನಂಬಿಕೆ. ಪರೀಕ್ಷೆಯಾದ ಜ್ಞಾನದಲ್ಲಿ ಮಾತ್ರ ಸಾಕ್ಷಿಯ ನಿರ್ಣಯ ಅಂತಿಮ ಎಂದು ಮಧ್ವರ ಅನುಯಾಯಿಗಳಾದ ದ್ವೈತಿಗಳು ಉತ್ತರಿಸಬಹುದು. ಆದರೆ ಆ ಪರೀಕ್ಷೆಯನ್ನು ನಡೆಸುವುದೂ ಹಾನಿಗೊಂಡ ಅದೇ ಮನಸ್ಸೇ! ಪ್ರಾಮಾಣ್ಯದ ವಿಷಯದಲ್ಲಿ ಸಾಕ್ಷಿಯ ಅಧಿಕಾರವನ್ನು ಮೊಟಕುಗೊಳಿಸದೆ ಗತ್ಯಂತರವಿಲ್ಲವೆಂದು ನನಗನಿಸುತ್ತದೆ.

ಅಷ್ಟಕ್ಕೇ ಭೌತವಾದಿಗಳಾದ ಚಾರ್ವಾಕರು ಗೆಲ್ಲುವುದಿಲ್ಲ. ಕಿಣ್ವದಿಂದ ಮದಶಕ್ತಿ ಹುಟ್ಟುವಂತೆ ಭೂತಗಳಿಂದ ಚೈತನ್ಯ ಹುಟ್ಟುತ್ತದೆಂಬ ಅವರ ವಾದವನ್ನು ವಿಜಯನಗರ ಕಾಲದ ಸರ್ವದರ್ಶನಸಂಗ್ರಹ ದಾಖಲಿಸಿದೆ. ಆ ವಾದ ಚೈತನ್ಯವು ದೇಹವನ್ನು ಅವಲಂಬಿಸಿದೆಯೆಂದು ತೋರಿಸುತ್ತದೆ, ಎರಡೂ ಒಂದೇ ಎಂದಲ್ಲ. ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಯಂತ್ರವೂ ವಿಚಾರವನ್ನು ಅಳೆಯುವುದಿಲ್ಲ. ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು, ಅದೂ ಕೆಲವು ಸೆಕೆಂಡು ತಡವಾಗಿ, ಅಳೆಯುತ್ತದೆ. ಆ ಏರಿಳಿತ ನೋವಿನದೋ ನೆನಪಿನದೋ ಎಂದು ಮೊದಲು ಹೆಸರಿಟ್ಟದ್ದು ಯಂತ್ರದೊಳಗೆ ಮಲಗಿದ್ದವರ ಮಾತಿನಿಂದ. ಸುಖದುಃಖಗಳ ಮಟ್ಟಿಗೆ ಮಧ್ವರ ಸಾಕ್ಷಿಗೆ ಪ್ರತಿಸಾಕ್ಷಿ ಇನ್ನೂ ಸಿಕ್ಕಿಲ್ಲ: ನೋವೆಷ್ಟು, ಹತ್ತರಲ್ಲಿ ಅಂಕ ಕೊಡಿ ಎಂದು ವೈದ್ಯರು ಇಂದಿಗೂ ಕೇಳುವುದು ರೋಗಿಯನ್ನೇ.