ಹಲಾಲ್ ಸೌಂದರ್ಯ: ವುಜೂಗೆ ಅಡ್ಡಿಯಾಗದ ಮನೆಮದ್ದುಗಳು ಇಲ್ಲಿವೆ; ಸುರ್ಮಾ, ಕಪ್ಪು ಮೆಹಂದಿ ಬಗ್ಗೆ ಇರಲಿ ಎಚ್ಚರ!

ಪುಣೆ-ನಾಸಿಕ್ ಹೆದ್ದಾರಿಯ ಚಾಕಣ ಎಂದಾಕ್ಷಣ ನೆನಪಾಗುವುದು ವಾಹನ ಕಾರ್ಖಾನೆಗಳು ಮತ್ತು ಈರುಳ್ಳಿ ಮಾರುಕಟ್ಟೆ. ಪುಣೆ ಸುತ್ತಮುತ್ತಲಿನ ಇಂಥ ಕೈಗಾರಿಕಾ ಪಟ್ಟಣಗಳಿಗೆ ದುಡಿಯಲು ಬಂದ ಕಲಬುರಗಿ, ಬೀದರ್, ವಿಜಯಪುರ ಕಡೆಯ ಕನ್ನಡಿಗರಲ್ಲಿ ಮುಸ್ಲಿಂ ಕುಟುಂಬಗಳೂ ಇವೆ. ಶಿಫ್ಟ್ ಕೆಲಸ, ರಸ್ತೆಯ ಧೂಳು, ಬೆವರು. ಇದರ ನಡುವೆ ದಿನಕ್ಕೆ ಐದು ಹೊತ್ತು ನಮಾಜ್, ಅದಕ್ಕೂ ಮುನ್ನ ವುಜೂ. ಹೀಗಾಗಿ ಅಂಗಡಿಯಿಂದ ಒಂದು ಕ್ರೀಮ್ ತರುವಾಗಲೂ ಪ್ರಶ್ನೆ ಏಳುತ್ತದೆ. ಇದರಲ್ಲಿ ಆಲ್ಕೋಹಾಲ್ ಇದೆಯೇ? ಪ್ರಾಣಿ ಕೊಬ್ಬು ಇದೆಯೇ? ಹಚ್ಚಿಕೊಂಡರೆ ವುಜೂ ಆಗುತ್ತದೆಯೇ?

ಈ ಪ್ರಶ್ನೆಗಳಿಗೆ ಸುಲಭ ಉತ್ತರ ಅಡುಗೆಮನೆಯಲ್ಲೇ ಇದೆ. ಕಡಲೆಹಿಟ್ಟು, ಮೊಸರು, ಸೀಗೆಕಾಯಿ, ಮದರಂಗಿ ಬಗ್ಗೆ ಯಾವ ಅನುಮಾನವೂ ಬೇಕಿಲ್ಲ. ಆದರೆ ಒಂದು ಮಾತು ನೆನಪಿರಲಿ. ಹಲಾಲ್ ಆಗಿರುವುದೆಲ್ಲ ಚರ್ಮಕ್ಕೆ ಒಳ್ಳೆಯದು ಎಂದಲ್ಲ. ನೈಸರ್ಗಿಕ ಎಂದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ.

ಹಚ್ಚುವ ಮುನ್ನ ಮೂರು ಪ್ರಶ್ನೆ

1. ಇದರಲ್ಲಿ ಏನಿದೆ? ಹಂದಿ ಕೊಬ್ಬು, ಮೂಲ ತಿಳಿಯದ ಜೆಲಾಟಿನ್ ಇದ್ದರೆ ಬೇಡ.

2. ನೀರು ಚರ್ಮಕ್ಕೆ ತಲುಪುತ್ತದೆಯೇ? ವುಜೂನಲ್ಲಿ ಮುಖ, ಮೊಣಕೈವರೆಗಿನ ಕೈ, ಪಾದಗಳಿಗೆ ನೀರು ತಾಗಲೇಬೇಕು. ನೇಲ್ ಪಾಲಿಶ್, ವಾಟರ್‌ಪ್ರೂಫ್ ಮಸ್ಕಾರಾ ಪದರವಾಗಿ ಕೂರುತ್ತವೆ. ಮೆಹಂದಿ ಬರೀ ಬಣ್ಣ, ಪದರವಲ್ಲ. ತೆಳುವಾಗಿ ಸವರಿದ ಎಣ್ಣೆಯೂ ಅಡ್ಡಿಯಲ್ಲ ಎಂಬುದು ಸಾಮಾನ್ಯ ಅಭಿಪ್ರಾಯ.

3. ಇದರಿಂದ ಹಾನಿ ಇದೆಯೇ? ತನಗೂ ಇತರರಿಗೂ ಹಾನಿ ಮಾಡಬಾರದು ಎಂಬುದು ಇಸ್ಲಾಮಿನ ಪ್ರಸಿದ್ಧ ತತ್ವ. ಹೆಚ್ಚಿನವರು ಮರೆಯುವುದು ಈ ಮೂರನೇ ಪ್ರಶ್ನೆಯನ್ನೇ.

ಚಾಕಣದ ಅಂಗಡಿಯಲ್ಲಿ ಏನೆಂದು ಕೇಳಬೇಕು?

ಊರಿನಲ್ಲಿ ಹಿತ್ತಲಲ್ಲೇ ಸಿಗುತ್ತಿದ್ದ ವಸ್ತುವನ್ನು ಇಲ್ಲಿ ಮರಾಠಿಯಲ್ಲಿ ಕೇಳಬೇಕು. ಅಂಟುವಾಳಕ್ಕೆ 'ರಿಠಾ', ಸೀಗೆಕಾಯಿಗೆ 'ಶಿಕೇಕಾಯಿ', ಪಟಿಕಕ್ಕೆ 'ತುರಟಿ', ಲೋಳೆಸರಕ್ಕೆ 'ಕೋರಫಡ್', ನೆಲ್ಲಿಕಾಯಿಗೆ 'ಆವಳಾ', ದಾಸವಾಳಕ್ಕೆ 'ಜಾಸ್ವಂದ', ಬೋರೆ ಹಣ್ಣಿಗೆ 'ಬೋರ', ಹರಳೆಣ್ಣೆಗೆ 'ಎರಂಡೇಲ್ ತೇಲ' ಎನ್ನುತ್ತಾರೆ. ಬೇವು ಬೇಕಿದ್ದರೆ 'ಕಡುಲಿಂಬ' ಎನ್ನಿ. 'ಕಢೀಪತ್ತಾ' ಎಂದರೆ ಕರಿಬೇವು ಕೈಗೆ ಬರುತ್ತದೆ!

ಮುಖಕ್ಕೆ: ಕಡಲೆಹಿಟ್ಟು, ಮೊಸರು

ಎರಡು ಚಮಚ ಕಡಲೆಹಿಟ್ಟಿಗೆ ಒಂದು ಚಮಚ ಮೊಸರು, ಚಿಟಿಕೆ ಅರಿಶಿನ ಬೆರೆಸಿ ಹಚ್ಚಿ. ಹತ್ತು ನಿಮಿಷ ಬಿಟ್ಟು, ಪೂರ್ತಿ ಒಣಗುವ ಮುನ್ನವೇ ತೊಳೆಯಿರಿ. ಒಣಗಿ ಬಿರುಕು ಬಿಟ್ಟ ಮೇಲೆ ಉಜ್ಜಿದರೆ ಚರ್ಮ ಕೆರೆದಂತಾಗುತ್ತದೆ. ವಾರಕ್ಕೆ ಎರಡು ಬಾರಿ ಸಾಕು.

ಎಣ್ಣೆ ಚರ್ಮದವರು ಮುಲ್ತಾನಿ ಮಿಟ್ಟಿಯನ್ನು ಗುಲಾಬಿ ನೀರಿನಲ್ಲಿ ಕಲಸಿ ಹಚ್ಚಬಹುದು. ಒಣ ಚರ್ಮದವರಿಗೆ ಇದು ಬೇಡ. ಗುಲಾಬಿ ನೀರಿನ ಬಾಟಲಿಯ ಮೇಲೆ ಸುಗಂಧ, ಆಲ್ಕೋಹಾಲ್ ಸೇರಿಸಿಲ್ಲ ಎಂಬುದನ್ನು ನೋಡಿಕೊಳ್ಳಿ. ವುಜೂಗೆ ಮುನ್ನ ಹಿಟ್ಟು, ಮಣ್ಣು ಹುಬ್ಬಿನಲ್ಲಿ, ಕೂದಲ ಅಂಚಿನಲ್ಲಿ ಅಂಟಿ ಉಳಿಯದಂತೆ ತೊಳೆಯಿರಿ.

ಕೂದಲಿಗೆ: ಅಂಟುವಾಳ, ಸೀಗೆಕಾಯಿ, ಬೋರೆ ಎಲೆ

ಅಂಟುವಾಳ ಮತ್ತು ಸೀಗೆಕಾಯಿಯಲ್ಲಿ ಸಪೋನಿನ್ ಎಂಬ ನೊರೆ ಬರುವ ಅಂಶವಿದೆ. ಕೊಳೆಯನ್ನು ಎತ್ತುವುದು ಅದೇ. ಐದಾರು ಅಂಟುವಾಳ, ಎರಡು ಸೀಗೆಕಾಯಿ, ಒಂದು ಹಿಡಿ ಒಣ ನೆಲ್ಲಿಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿದರೆ ಶಾಂಪೂ ಸಿದ್ಧ. ಕಣ್ಣಿಗೆ ಬಿದ್ದರೆ ಜೋರಾಗಿ ಉರಿಯುತ್ತದೆ, ಜೋಪಾನ. ಸಂರಕ್ಷಕ ಇಲ್ಲದ ಕಾರಣ ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಫ್ರಿಜ್ ಇಲ್ಲದ ಬಾಡಿಗೆ ಕೋಣೆಯಲ್ಲಾದರೆ ಅಂದಿನದು ಅಂದೇ.

ಬೋರೆ ಎಲೆಗೆ, ಅಂದರೆ ಅರಬಿಯ 'ಸಿದ್ರ್'ಗೆ, ಮುಸ್ಲಿಂ ಸಂಪ್ರದಾಯದಲ್ಲಿ ವಿಶೇಷ ಸ್ಥಾನವಿದೆ. ಮೃತದೇಹದ ಗುಸ್ಲ್‌ಗೆ ಬೋರೆ ಎಲೆಯ ನೀರು ಬಳಸುವ ರೂಢಿ ಇಂದಿಗೂ ಇದೆ. ಅದೇ ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಬೆಚ್ಚಗಿನ ನೀರಿನಲ್ಲಿ ಕಲಸಿದರೆ ತಲೆಗೆ ಸೌಮ್ಯವಾದ ಪುಡಿ ಶಾಂಪೂ ಆಗುತ್ತದೆ.

ಕಲೌಂಜಿ ಎಣ್ಣೆಯನ್ನು ನೇರವಾಗಿ ಹಚ್ಚಬೇಡಿ. ಒಂದು ಚಮಚ ಕಲೌಂಜಿ ಎಣ್ಣೆಗೆ ನಾಲ್ಕು ಚಮಚ ಕೊಬ್ಬರಿ ಎಣ್ಣೆ ಬೆರೆಸಿ. ಕೆಲವರಿಗೆ ಇದರಿಂದ ತುರಿಕೆ, ಗುಳ್ಳೆ ಬರುವುದುಂಟು. ಅದಕ್ಕೇ ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡುವುದು ಒಳ್ಳೆಯದು.

ಹಲ್ಲಿಗೆ: ಮಿಸ್ವಾಕ್

ಮಿಸ್ವಾಕ್ ಎಂದರೆ ಪೀಲು ಮರದ ಬೇರು ಅಥವಾ ಕಡ್ಡಿ. ಸಿಪ್ಪೆಯನ್ನು ಅರ್ಧ ಇಂಚು ತೆಗೆದು, ನೀರಿನಲ್ಲಿ ನೆನೆಸಿ, ಅಗಿದು ಎಳೆ ಬಿಡಿಸಿ. ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೆಲ್ಲಗೆ ಉಜ್ಜಿ. ಅಡ್ಡಡ್ಡ ಜೋರಾಗಿ ಉಜ್ಜಿದರೆ ವಸಡು ಹಿಂದೆ ಸರಿಯುತ್ತದೆ. ಬಳಸಿದ ತುದಿಯನ್ನು ಎರಡು ದಿನಕ್ಕೊಮ್ಮೆ ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಿ. ಒದ್ದೆ ಕಡ್ಡಿಯನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೂಷ್ಟು ಬರುತ್ತದೆ.

ಮಿಸ್ವಾಕ್ ಬಳಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲೇ ಪ್ರೋತ್ಸಾಹಿಸಿತ್ತು. ರಂಜಾನ್ ಉಪವಾಸದ ಹೊತ್ತಲ್ಲೂ ಇದನ್ನು ಬಳಸುತ್ತಾರೆ. ಆದರೂ ಸಿಹಿ ತಿನ್ನುವ ಮಕ್ಕಳ ಹುಳುಕು ತಡೆಯಲು ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟ್ ಇರಲಿ.

ಬೆವರಿನ ವಾಸನೆಗೆ: ಪಟಿಕ

ಆಲ್ಕೋಹಾಲ್ ಇರುವ ಸ್ಪ್ರೇ ಬೇಡ ಎನ್ನುವವರಿಗೆ ಪಟಿಕ ಅಗ್ಗದ ದಾರಿ. ಸ್ನಾನದ ನಂತರ ಒದ್ದೆ ಕಂಕುಳಿಗೆ ಪಟಿಕದ ತುಂಡನ್ನು ಎರಡು ಬಾರಿ ಸವರಿದರೆ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ಇದು ಬೆವರನ್ನು ಪೂರ್ತಿ ನಿಲ್ಲಿಸುವುದಿಲ್ಲ. ಕೂದಲು ತೆಗೆದ ದಿನ ಕಂಕುಳಿಗೆ ಹಚ್ಚಬೇಡಿ, ಉರಿಯುತ್ತದೆ.

ಸುಗಂಧ ಬೇಕಿದ್ದರೆ ಆಲ್ಕೋಹಾಲ್ ಇಲ್ಲದ ಅತ್ತರ್ ಇದ್ದೇ ಇದೆ. ಉತ್ತರ ಪ್ರದೇಶದ ಕನ್ನೌಜ್‌ನಲ್ಲಿ ಹೂವಿನ ಆವಿಯನ್ನು ಗಂಧದೆಣ್ಣೆಗೆ ಇಳಿಸಿ ಸಾಂಪ್ರದಾಯಿಕ ಅತ್ತರ್ ತಯಾರಿಸುತ್ತಾರೆ. ಇದನ್ನು ಬಟ್ಟೆಗೆ ಹಚ್ಚುವುದೇ ಸುರಕ್ಷಿತ. ಹಜ್, ಉಮ್ರಾಗೆ ಹೊರಟವರು ಇಹ್ರಾಮ್ ಸ್ಥಿತಿಯಲ್ಲಿ ಸುಗಂಧ ಬಳಸುವಂತಿಲ್ಲ. ಅವರು ಗುಲಾಬಿ ನೀರನ್ನೂ ಬಿಟ್ಟು, ವಾಸನೆ ಇಲ್ಲದ ಸೋಪನ್ನು ಒಯ್ಯಬೇಕು.

ಬೇಡದ ಕೂದಲಿಗೆ: ಸಕ್ಕರೆ ವ್ಯಾಕ್ಸ್

ಉಗುರು, ಕಂಕುಳು ಮತ್ತು ಗುಪ್ತಾಂಗದ ಕೂದಲಿನ ಸ್ವಚ್ಛತೆಯನ್ನು 40 ದಿನಕ್ಕಿಂತ ಹೆಚ್ಚು ಮುಂದೂಡಬಾರದು ಎಂಬುದು ಹದೀಸ್ ಆಧಾರಿತ ನಿಯಮ. ಗುಪ್ತಾಂಗವನ್ನು ಪರರೆದುರು ತೋರಿಸುವಂತಿಲ್ಲವಾದ್ದರಿಂದ ಪಾರ್ಲರ್‌ಗಿಂತ ಮನೆಯೇ ಅನುಕೂಲ.

ಒಂದು ಕಪ್ ಸಕ್ಕರೆಗೆ ಎರಡು ದೊಡ್ಡ ಚಮಚ ನಿಂಬೆರಸ, ಎರಡು ದೊಡ್ಡ ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಜೇನಿನ ಬಣ್ಣ ಬರುವವರೆಗೆ ಕುದಿಸಿ. ತಣ್ಣೀರಿಗೆ ಒಂದು ಹನಿ ಬಿಟ್ಟಾಗ ಮೆತ್ತನೆಯ ಉಂಡೆಯಾದರೆ ಪಾಕ ಸರಿ. ಪೂರ್ತಿ ಬೆಚ್ಚಗಾಗುವವರೆಗೆ ತಣಿಸಲೇಬೇಕು. ಕುದಿಯುವ ಸಕ್ಕರೆ ಪಾಕ ನೀರಿಗಿಂತ ಬಿಸಿ ಇರುತ್ತದೆ, ಚರ್ಮಕ್ಕೆ ಅಂಟಿ ಸುಡುತ್ತದೆ. ಮಕ್ಕಳನ್ನು ಒಲೆಯಿಂದ ದೂರವಿಡಿ. ಕೈಕಾಲುಗಳಿಗೆ ಇದು ಒಳ್ಳೆಯದು. ಗುಪ್ತಾಂಗಕ್ಕೆ ಕತ್ತರಿ, ಟ್ರಿಮ್ಮರ್ ಅಥವಾ ಸ್ವಂತ ರೇಜರ್ ಸುರಕ್ಷಿತ. ಮಧುಮೇಹ ಇರುವವರು, ಗಾಯ ಇರುವವರು ವ್ಯಾಕ್ಸ್ ಮಾಡಬೇಡಿ. ಹುಬ್ಬು ಕೀಳುವುದನ್ನು ಹದೀಸ್‌ನಲ್ಲಿ ನಿಷೇಧಿಸಲಾಗಿದೆ ಎಂಬ ಕಾರಣಕ್ಕೆ ಅನೇಕರು ಥ್ರೆಡಿಂಗ್ ಮಾಡಿಸುವುದಿಲ್ಲ.

ಮೆಹಂದಿ ಸರಿ, 'ಕಪ್ಪು ಮೆಹಂದಿ' ಬೇಡ

ನಮ್ಮಲ್ಲಿ ಮದರಂಗಿ, ಗೋರಂಟಿ, ಕರಾವಳಿಯ ಬ್ಯಾರಿಗಳಲ್ಲಿ ಮೈಲಾಂಜಿ. ಹೆಸರು ಯಾವುದಾದರೂ ಗಿಡ ಒಂದೇ. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಚರ್ಮದ ಮೇಲ್ಪದರದ ಕೆರಾಟಿನ್‌ಗೆ ಅಂಟುತ್ತದೆ. ಹಚ್ಚಿದ ದಿನ ಕಿತ್ತಳೆ, ಮರುದಿನ ಕಂದುಗೆಂಪು. ಇದೇ ಅಸಲಿ ಮೆಹಂದಿಯ ಗುರುತು.

100 ಗ್ರಾಂ ಜರಡಿ ಹಿಡಿದ ಪುಡಿಗೆ ಎರಡು ಚಮಚ ನಿಂಬೆರಸ, ಒಂದು ಚಮಚ ಸಕ್ಕರೆ, ಬೇಕಾದಷ್ಟು ನೀರು ಬೆರೆಸಿ ಆರೆಂಟು ಗಂಟೆ ಮುಚ್ಚಿಡಿ. ಹಚ್ಚಿದ ಮೇಲೆ ಕನಿಷ್ಠ ನಾಲ್ಕು ಗಂಟೆ ಬಿಡಿ. ನಮಾಜ್ ಸಮಯವಾದರೆ ಒಣಗಿದ ಲೇಪವನ್ನು ಉದುರಿಸಿಯೇ ವುಜೂ ಮಾಡಬೇಕು, ಏಕೆಂದರೆ ಲೇಪ ಪದರವಾಗುತ್ತದೆ. ಇಶಾ ನಮಾಜ್ ಮುಗಿಸಿ ಹಚ್ಚಿದರೆ ಈ ತೊಂದರೆ ಇಲ್ಲ.

ಅರ್ಧ ಗಂಟೆಯಲ್ಲೇ ಕಪ್ಪು ಬಣ್ಣ ಕೊಡುವ ಕೋನ್‌ಗಳಿಂದ ದೂರವಿರಿ. ಮದರಂಗಿ ಎಲೆ ಹಾಗೆ ಕಪ್ಪು ಬಣ್ಣ ಕೊಡುವುದಿಲ್ಲ. 'ಕಪ್ಪು ಮೆಹಂದಿ'ಗೆ ಸಾಮಾನ್ಯವಾಗಿ ಸೇರಿಸುವುದು ಹೇರ್ ಡೈನ ಪಿಪಿಡಿ ರಾಸಾಯನಿಕ. ಇದರಿಂದ ಕೈ ಮೇಲೆ ಬೊಬ್ಬೆ ಎದ್ದು, ಚಿತ್ತಾರದ ಆಕಾರದಲ್ಲೇ ಕಲೆ ಉಳಿಯಬಹುದು. ಒಮ್ಮೆ ಅಲರ್ಜಿ ಅಂಟಿಕೊಂಡರೆ ಮುಂದೆ ಹೇರ್ ಡೈ ಹಚ್ಚಿದಾಗಲೂ ಕಾಡುತ್ತದೆ. ಈದ್, ಮದುವೆ ಮುನ್ನಾದಿನ ಗಡಿಬಿಡಿಯಲ್ಲಿ ಹೆಣ್ಣುಮಕ್ಕಳ ಕೈಗೆ ಇಂಥ ಕೋನ್ ಬರುವುದೇ ಹೆಚ್ಚು.

ಶಿಶುಗಳಿಗೆ ಅಸಲಿ ಮೆಹಂದಿಯೂ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಸುರ್ಮಾ: ಮಗುವಿನ ಕಣ್ಣಿಗೆ ಹಚ್ಚುವ ಮುನ್ನ ಓದಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಅದು ಇದೇ ಇರಲಿ. ಸುರ್ಮಾ ಹಚ್ಚುವುದನ್ನು ಅನೇಕರು ಸುನ್ನತ್ ಎಂದು ಭಾವಿಸುತ್ತಾರೆ. ಹದೀಸ್‌ಗಳಲ್ಲಿ ಬರುವ 'ಇಸ್ಮಿದ್' ಅನ್ನು ಸಾಮಾನ್ಯವಾಗಿ ಆಂಟಿಮನಿ ಖನಿಜ ಎಂದು ಗುರುತಿಸುತ್ತಾರೆ. ಆದರೆ ಇಂದು ಮಾರುಕಟ್ಟೆಯಲ್ಲಿ ಸಿಗುವ ಸುರ್ಮಾ ಕಲ್ಲು ಹೆಚ್ಚಾಗಿ ಗೆಲೆನಾ, ಅಂದರೆ ಸೀಸದ ಸಲ್ಫೈಡ್. ನೋಡಲು ಎರಡೂ ಒಂದೇ ರೀತಿಯ ಹೊಳೆಯುವ ಕಪ್ಪು.

ಮಗು ಕಣ್ಣುಜ್ಜಿದ ಕೈಯನ್ನು ಬಾಯಿಗಿಡುತ್ತದೆ, ಸೀಸ ಹೊಟ್ಟೆ ಸೇರುತ್ತದೆ. ಅದು ಬೆಳೆಯುವ ಮೆದುಳಿಗೆ ಪೆಟ್ಟು ಕೊಡುತ್ತದೆ, ಕಲಿಕೆ ಕುಂಠಿತವಾಗುತ್ತದೆ, ರಕ್ತಹೀನತೆ ಬರುತ್ತದೆ. ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಿತಿ ಎಂಬುದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗರ್ಭಿಣಿಯ ದೇಹ ಸೇರಿದ ಸೀಸ ಭ್ರೂಣಕ್ಕೂ ದಾಟುತ್ತದೆ.

ಹೀಗಾಗಿ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಸುರ್ಮಾ ಬೇಡವೇ ಬೇಡ. ಬಹಳ ದಿನ ಹಚ್ಚಿದ್ದರೆ ವೈದ್ಯರಿಗೆ ತಿಳಿಸಿ, ರಕ್ತದಲ್ಲಿನ ಸೀಸದ ಪರೀಕ್ಷೆ ಕೇಳಿ. ದೊಡ್ಡವರು ಸೀಸರಹಿತ ಎಂದು ನಮೂದಿಸಿದ, ಪರವಾನಗಿ ಸಂಖ್ಯೆ ಇರುವ ಕಾಜಲ್ ಬಳಸಬಹುದು. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡುವ ಕಾಡಿಗೆಯಲ್ಲಿ ಸೀಸ ಇಲ್ಲದಿದ್ದರೂ ಶಿಶುವಿನ ಕಣ್ಣಿಗೆ ಬೆರಳು ತಾಗಿಸುವುದರಿಂದ ಸೋಂಕು ತಗಲಬಹುದು.

ಮುಟ್ಟಿನ ದಿನಗಳ ನೈರ್ಮಲ್ಯ

ಯೋನಿ ತನ್ನನ್ನು ತಾನೇ ಸ್ವಚ್ಛಗೊಳಿಸಿಕೊಳ್ಳುತ್ತದೆ. ಮುಟ್ಟಿನ ನಂತರದ ಗುಸ್ಲ್‌ಗೆ ಹೊರಭಾಗವನ್ನು ಬರೀ ನೀರಿನಿಂದ ತೊಳೆದರೆ ಸಾಕು. ನಿಂಬೆರಸ, ವಿನೆಗರ್, ಪಟಿಕದ ನೀರು, ಅತ್ತರ್ ಯಾವುದನ್ನೂ ಒಳಗೆ ಬಳಸಬೇಡಿ, ಸೋಂಕು ಹೆಚ್ಚುತ್ತದೆ. ಬಟ್ಟೆ ಬಳಸುವವರು ಸೋಪಿನಿಂದ ಒಗೆದು ಬಿಸಿಲಲ್ಲೇ ಒಣಗಿಸಿ. ನಮಾಜ್ ಇಲ್ಲದ ಆ ದಿನಗಳಲ್ಲಿ ಹಚ್ಚಿದ ನೇಲ್ ಪಾಲಿಶ್ ಅನ್ನು ಗುಸ್ಲ್‌ಗೆ ಮುನ್ನ ಪೂರ್ತಿ ತೆಗೆಯಬೇಕು. ಕೆಟ್ಟ ವಾಸನೆ, ತುರಿಕೆ, ಬಣ್ಣ ಬದಲಾದ ಸ್ರಾವ ಇದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರನ್ನು ಕಾಣಿ.

ಇವನ್ನು ಮಾಡಲೇಬೇಡಿ

• ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಬೇಡಿ. ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುತ್ತದೆ.
• ಅಡುಗೆ ಸೋಡಾವನ್ನು ಕಂಕುಳಿಗೆ, ಮುಖಕ್ಕೆ ಉಜ್ಜಬೇಡಿ. ಚರ್ಮದ ಸಹಜ ಆಮ್ಲೀಯತೆ ಕೆಡುತ್ತದೆ.
• ಮೊಡವೆಗೆ, ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಬೇಡಿ.
• ಒಬ್ಬರ ರೇಜರ್, ಮಿಸ್ವಾಕ್, ಸುರ್ಮಾ ಕಡ್ಡಿಯನ್ನು ಇನ್ನೊಬ್ಬರು ಬಳಸಬೇಡಿ. ಹಲವರು ಒಟ್ಟಿಗಿರುವ ಕೋಣೆಗಳಲ್ಲಿ ಇದು ಬಹಳ ಮುಖ್ಯ.

ಅಂಗಡಿಯಿಂದ ತರುವುದಾದರೆ

ಪ್ಯಾಕ್ ಮೇಲಿನ ಹಸಿರು ಚುಕ್ಕೆ ಉತ್ಪನ್ನ ಸಸ್ಯಾಹಾರಿ ಎಂದು ಹೇಳುತ್ತದೆಯೇ ಹೊರತು ಆಲ್ಕೋಹಾಲ್ ಬಗ್ಗೆ ಅಲ್ಲ. ಸೀಟೈಲ್ ಆಲ್ಕೋಹಾಲ್, ಸ್ಟಿಯರಿಲ್ ಆಲ್ಕೋಹಾಲ್ ಎಂಬ ಹೆಸರು ಕಂಡು ಗಾಬರಿಯಾಗಬೇಡಿ. ಅವು ಅಮಲು ಬರಿಸದ, ಮೇಣದಂಥ ಕೊಬ್ಬಿನ ಅಂಶಗಳು. ಗ್ಲಿಸರಿನ್ ಸಸ್ಯದಿಂದಲೂ ಬರುತ್ತದೆ, ಪ್ರಾಣಿಯಿಂದಲೂ ಬರುತ್ತದೆ. ಲಿಪ್‌ಸ್ಟಿಕ್‌ನ ಕಾರ್ಮೈನ್ ಒಂದು ಕೀಟದಿಂದ ತೆಗೆದ ಕೆಂಪು ಬಣ್ಣ. ಕಾರ್ಮೈನ್, ಹೊರಗೆ ಹಚ್ಚುವ ಎಥನಾಲ್ ಮತ್ತು 'ಉಸಿರಾಡುವ' ನೇಲ್ ಪಾಲಿಶ್ ವಿಷಯದಲ್ಲಿ ಧಾರ್ಮಿಕ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ನೀವು ಅನುಸರಿಸುವ ಆಲಿಮರನ್ನು ಕೇಳಿ ನಿರ್ಧರಿಸಿ.

ಯಾವುದೇ ಹೊಸ ವಸ್ತುವನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ 24 ಗಂಟೆ ನೋಡಿ. ಉರಿ, ಊತ ಕಂಡರೆ ತೊಳೆದು ಬಿಡಿ. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಚರ್ಮ ವೈದ್ಯರನ್ನು ಕಾಣಿ. ಏನಿದೆ, ನೀರು ತಲುಪುತ್ತದೆಯೇ, ಹಾನಿ ಇದೆಯೇ ಎಂಬ ಮೂರು ಪ್ರಶ್ನೆ ದಾಟಿದ ಮದ್ದನ್ನು ನಿಶ್ಚಿಂತೆಯಿಂದ ಬಳಸಿ.