ಊರೊಳಗೇ ಕರಗಿದ ಕೋಟೆ

ಗದಗದಿಂದ ಹೊಸಪೇಟೆ ರಸ್ತೆಯಲ್ಲಿ ಸುಮಾರು 12 ಕಿ.ಮೀ. ಸಾಗಿದರೆ ಸಿಗುವ ಲಕ್ಕುಂಡಿ, ಗುಡಿಗಳ ಊರೆಂದೇ ಹೆಸರಾದದ್ದು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕುಸುರಿ ಕೆಲಸ, ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ನೋಡಿ ಮರಳುವ ಅನೇಕರಿಗೆ, ಇದು ಒಂದು ಕಾಲದಲ್ಲಿ ಕೋಟೆ ಸುತ್ತುವರಿದ ನಗರವಾಗಿತ್ತೆಂಬುದು ಹೊಳೆಯುವುದಿಲ್ಲ.

ಶಾಸನಗಳಲ್ಲಿ ಈ ಊರಿನ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆ ಇಲ್ಲಿ ಬಸದಿ ಕಟ್ಟಿಸಿದಳು. ಅದನ್ನು ತಿಳಿಸುವ ಶಾಸನ 1007ರದು. ಇಲ್ಲಿ ಟಂಕಸಾಲೆಯಿತ್ತು, ‘ಲೊಕ್ಕಿ ಗದ್ಯಾಣ’ವೆಂಬ ನಾಣ್ಯಕ್ಕೆ ಹೆಸರು ಬಂದದ್ದೇ ಈ ಊರಿನಿಂದ. ಹಣವಿದ್ದ ಕಡೆ ದಂಡಿನ ಕಣ್ಣೂ ಬೀಳುತ್ತದೆ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳ ಸಮೀಪದ ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿದ. 1192ರಲ್ಲಿ ಲೊಕ್ಕಿಗುಂಡಿಯಲ್ಲೇ ಬೀಡುಬಿಟ್ಟಿದ್ದ.

ಅಂಥ ನಗರದ ಕೋಟೆ ಎಲ್ಲಿ ಹೋಯಿತು? ಉತ್ತರಕ್ಕೆ ದೂರದ ಹೋಲಿಕೆಯೊಂದು ನೆರವಾಗುತ್ತದೆ. ಅತ್ತಿಮಬ್ಬೆಯ ಕಾಲದಲ್ಲೇ ಉತ್ತರ ಚೀನಾದ ಕೆಲಭಾಗವನ್ನೂ ಅದರಾಚೆಯ ಹುಲ್ಲುಗಾವಲನ್ನೂ ಆಳುತ್ತಿದ್ದ ಖಿತಾನರು, 1004ರಲ್ಲಿ ಇಂದಿನ ಮಂಗೋಲಿಯಾದಲ್ಲಿ ಮಣ್ಣಿನ ಗೋಡೆಯ ಕೋಟೆನಗರವೊಂದನ್ನು ಕಟ್ಟಿದರು. 1125ರಲ್ಲಿ ಅವರ ಸಾಮ್ರಾಜ್ಯ ಅಳಿಯಿತು, ನಗರ ಪಾಳುಬಿತ್ತು. ಮತ್ತೆ ಅಲ್ಲಿ ಊರು ಬೆಳೆಯಲಿಲ್ಲವಾದ್ದರಿಂದ ಮಣ್ಣಿನ ಗೋಡೆಯ ಸಾಲೂ ಇಂದಿಗೂ ಉಳಿದಿದೆ.

ಲಕ್ಕುಂಡಿಯ ಕಥೆ ಇದಕ್ಕೆ ವಿರುದ್ಧ. ರಾಜರು ಹೋದರೂ ಜನ ಊರು ಬಿಡಲಿಲ್ಲ. ಬಿದ್ದ ಕಟ್ಟಡದ ಕಲ್ಲು ಮನೆಗೆ, ಕಟ್ಟೆಗೆ, ದನದ ಕೊಟ್ಟಿಗೆಗೆ ಬಂತು. ಹಳೆಯ ನಗರ ಹೊಸ ಊರಿನೊಳಗೇ ಕರಗಿತು.

ಇಂದಿನ ತೊಡಕೂ ಇಲ್ಲೇ ಇದೆ. 2024ರಲ್ಲಿ ಮನೆ, ಹಿತ್ತಿಲುಗಳಿಂದ ನೂರಾರು ಪ್ರಾಚ್ಯವಸ್ತುಗಳನ್ನು ಸಂಗ್ರಹಿಸಲಾಯಿತು. 2025ರಲ್ಲಿ ಉತ್ಖನನಕ್ಕೆ ಚಾಲನೆ ದೊರೆಯಿತು. 2026ರ ಜನವರಿಯಲ್ಲಿ ಮನೆಯ ಪಾಯ ತೋಡುವಾಗ ಸಿಕ್ಕ ಚಿನ್ನದ ಒಡವೆಗಳನ್ನು ಆ ಕುಟುಂಬ ಸರ್ಕಾರಕ್ಕೆ ಒಪ್ಪಿಸಿತು. ಆದರೆ ಪ್ರತಿ ಪಾಯದಡಿಯೂ ಇತಿಹಾಸವಿದ್ದರೆ ಮನೆ ಕಟ್ಟುವುದೆಲ್ಲಿ? ನಗರವನ್ನು ಹೊರತೆಗೆಯುವ ಭರದಲ್ಲಿ, ಎಂಟು ಶತಮಾನ ಅದನ್ನು ಬರಿದಾಗಲು ಬಿಡದ ಜನರನ್ನೇ ಎಬ್ಬಿಸುವಂತಾಗಬಾರದು. ಉತ್ಖನನದ ನಕ್ಷೆಯ ಜೊತೆಗೇ ಅವರ ಸೂರಿನ ಏರ್ಪಾಡೂ ಆಗಬೇಕು.

ಗೋಡೆ ಮರೆಯಾದರೂ ಊರವರ ಮಾತಿನಲ್ಲಿ ಕೋಟೆ ಉಳಿದಿದೆ. ಇಲ್ಲಿನ ವೀರಭದ್ರ ಅವರಿಗೆ ಇಂದಿಗೂ ‘ಕೋಟೆ ವೀರಭದ್ರ’ನೇ.